ಕರಾವಳಿಯ ವಾಹನಗಳಿಗೆ ತುಕ್ಕಿನ ಬಾಧೆ: ತಡೆಯುವ ಬಗೆ, ಚಿಕಿತ್ಸೆಯ ಕ್ರಮ

ವ್ಯಾಪಾರೋದ್ಯಮ ಸಂಸ್ಥೆಗಳ ಲೆಕ್ಕಪುಸ್ತಕದಲ್ಲಿ ವಾಹನದ ಸವಕಳಿಯನ್ನು ವರ್ಷಕ್ಕೊಮ್ಮೆ, ಮಾರ್ಚ್ ತಿಂಗಳ ಕೊನೆಯಲ್ಲಿ ನಮೂದಿಸುವುದು ವಾಡಿಕೆ. ಆದರೆ ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಓಡಾಡುವ ವಾಹನಗಳಿಗೆ ಲೆಕ್ಕಪುಸ್ತಕದಲ್ಲಿ ಕಾಣಿಸದ ಇನ್ನೊಂದು ಸವಕಳಿಯಿದೆ. ಅದು ತುಕ್ಕು. ಎಂಜಿನ್ ಸುಸ್ಥಿತಿಯಲ್ಲಿದ್ದು, ಟೈರುಗಳು ಹೊಸದಾಗಿದ್ದರೂ ಬಾಗಿಲಿನ ಕೆಳ ಅಂಚು ಪುಡಿಯಾಗಿ ಉದುರುತ್ತಿದ್ದರೆ ಆ ವಾಹನಕ್ಕೆ ನ್ಯಾಯವಾದ ಬೆಲೆ ದೊರೆಯುವುದಿಲ್ಲ. ಘಟ್ಟದ ಮೇಲಿನಿಂದ ಹಳೆಯ ಕಾರು ಕೊಳ್ಳಲು ಬರುವ ಗಿರಾಕಿ ಮೊದಲು ಬಗ್ಗಿ ನೋಡುವುದು ಗಾಡಿಯ ತಳವನ್ನೇ.

ಜಗತ್ತಿನಲ್ಲಿ ಲೋಹಗಳ ಸವೆತದಿಂದ ಆಗುವ ನಷ್ಟ ವರ್ಷಕ್ಕೆ ಸುಮಾರು 2.5 ಲಕ್ಷ ಕೋಟಿ ಡಾಲರ್, ಅಂದರೆ ಜಾಗತಿಕ ಒಟ್ಟು ಉತ್ಪನ್ನದ ಶೇಕಡಾ 3.4ರಷ್ಟು ಎಂದು ಅಮೆರಿಕದ ನೇಸ್ ಇಂಟರ್‌ನ್ಯಾಷನಲ್ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂದಾಜಿಸಿತ್ತು. ಈಗಾಗಲೇ ತಿಳಿದಿರುವ ತಡೆಕ್ರಮಗಳನ್ನು ಸರಿಯಾಗಿ ಪಾಲಿಸಿದರೆ ಈ ನಷ್ಟದಲ್ಲಿ ಶೇಕಡಾ 15ರಿಂದ 35ರಷ್ಟನ್ನು ಉಳಿಸಬಹುದೆಂಬುದು ಅದೇ ಅಧ್ಯಯನದ ಮುಖ್ಯ ನಿರ್ಣಯ. ಈ ಮಾತು ಸೇತುವೆ, ಕೊಳವೆಮಾರ್ಗಗಳಿಗೆ ಎಷ್ಟು ಸತ್ಯವೋ ಅಂಗಡಿಯ ಮುಂದೆ ನಿಂತಿರುವ ಕಾರಿಗೂ, ಸರಕು ಸಾಗಿಸುವ ವ್ಯಾನಿಗೂ ಅಷ್ಟೇ ಸತ್ಯ.

ತುಕ್ಕು ಹಿಡಿಯುವ ಬಗೆ

ಕಬ್ಬಿಣ, ನೀರು ಮತ್ತು ಆಮ್ಲಜನಕ ಇವು ಮೂರೂ ಒಂದೆಡೆ ಸೇರಿದಾಗ ತುಕ್ಕು ಹುಟ್ಟುತ್ತದೆ. ಇದು ಒಂದು ವಿದ್ಯುತ್‌ರಾಸಾಯನಿಕ ಕ್ರಿಯೆ. ತೇವವಿರುವ ಉಕ್ಕಿನ ಮೇಲ್ಮೈಯ ಒಂದು ಭಾಗ ಬ್ಯಾಟರಿಯ ಒಂದು ಧ್ರುವದಂತೆಯೂ, ಇನ್ನೊಂದು ಭಾಗ ಮತ್ತೊಂದು ಧ್ರುವದಂತೆಯೂ ವರ್ತಿಸಿ, ಮೊದಲನೆಯ ಭಾಗದ ಕಬ್ಬಿಣ ಕರಗುತ್ತಾ ಹೋಗುತ್ತದೆ. ನೀರಿನಲ್ಲಿ ಉಪ್ಪು ಬೆರೆತಿದ್ದರೆ ಅದರ ಮೂಲಕ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ಕ್ರಿಯೆಯ ವೇಗ ಹೆಚ್ಚುತ್ತದೆ. ಉಪ್ಪಿಗೆ ಗಾಳಿಯಿಂದ ತೇವವನ್ನು ಹೀರುವ ಗುಣವೂ ಇರುವ ಕಾರಣ, ಮಳೆಯಿಲ್ಲದ ದಿನಗಳಲ್ಲಿಯೂ ಉಪ್ಪಿನ ಪದರವಿರುವ ತಗಡು ಒದ್ದೆಯಾಗಿಯೇ ಉಳಿಯುತ್ತದೆ.

ಮಂಗಳೂರು ಪರಿಸರದಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಉಳಿದ ಎಂಟು ತಿಂಗಳಲ್ಲಿ ಕಡಲಗಾಳಿ ಉಪ್ಪಿನ ಸೂಕ್ಷ್ಮ ಕಣಗಳನ್ನು ಹೊತ್ತು ತರುತ್ತದೆ. ಇದರೊಂದಿಗೆ ಮೀನು ಸಾಗಿಸುವ ಲಾರಿಗಳಿಂದ ಹೆದ್ದಾರಿಯ ಮೇಲೆ ಸೋರುವ ಮಂಜುಗಡ್ಡೆಯ ಉಪ್ಪುನೀರು ಹಿಂದಿನಿಂದ ಬರುವ ವಾಹನಗಳ ತಳಕ್ಕೆ ಸಿಡಿಯುತ್ತದೆ. ಆದುದರಿಂದ ಒಣಹವೆಯ ಒಳನಾಡಿನಲ್ಲಿ ಹತ್ತಾರು ವರ್ಷ ಬಾಳುವ ತಗಡು ಕರಾವಳಿಯಲ್ಲಿ ಬಹು ಬೇಗ ಸೋಲುತ್ತದೆ.

ಕಣ್ಣಿಗೆ ಕಾಣದ ಮೂಲಸ್ಥಾನಗಳು

ಕಾರಿನ ಹೊರಮೈ ತಗಡಿನ ದಪ್ಪ ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್ ಮಾತ್ರ. ಅದರ ಮೇಲಿನ ಬಣ್ಣದ ಎಲ್ಲ ಪದರಗಳೂ ಸೇರಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟಿರುತ್ತವೆ. ಕಲ್ಲು ಸಿಡಿದು ಬಣ್ಣ ಕಿತ್ತುಹೋದಲ್ಲಿ ತುಕ್ಕು ಹಿಡಿಯುವುದನ್ನು ಎಲ್ಲರೂ ಗಮನಿಸುತ್ತಾರೆ. ಆದರೆ ವಾಹನವನ್ನು ನಿಜವಾಗಿ ಹಾಳುಮಾಡುವುದು ಒಳಗಿನಿಂದ ಹೊರಕ್ಕೆ ಬರುವ ತುಕ್ಕು. ಬಣ್ಣದ ಮೇಲೆ ಸಣ್ಣ ಗುಳ್ಳೆ ಕಾಣಿಸುವ ಹೊತ್ತಿಗೆ ಅದರ ಹಿಂದಿನ ತಗಡು ಬಹುಮಟ್ಟಿಗೆ ಸವೆದಿರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಆಕ್ರಮಿಸುವುದರಿಂದಲೇ ಬಣ್ಣ ಉಬ್ಬುತ್ತದೆ.

ನೀರು ನಿಲ್ಲುವ ಸ್ಥಳವೇ ತುಕ್ಕಿನ ಮೂಲಸ್ಥಾನ. ಕಿಟಕಿಯ ಗಾಜಿನ ಬೀಡಿಂಗ್ ಮೂಲಕ ಬಾಗಿಲಿನೊಳಗೆ ಇಳಿಯುವ ಮಳೆನೀರು ಹೊರಹೋಗಲೆಂದು ಪ್ರತಿಯೊಂದು ಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ರಂಧ್ರಗಳನ್ನು ಇಟ್ಟಿರುತ್ತಾರೆ. ಧೂಳು, ಕೆಸರು ಸೇರಿ ಇವು ಮುಚ್ಚಿಹೋದರೆ ಬಾಗಿಲೇ ನೀರಿನ ತೊಟ್ಟಿಯಾಗುತ್ತದೆ. ಮುಂಗಾಜಿನ ಬುಡದಲ್ಲಿರುವ ನೀರಿನ ದಾರಿ ಮರದ ಎಲೆಗಳಿಂದ ಕಟ್ಟಿಕೊಂಡರೂ ಇದೇ ಪಾಡು. ಮಡ್‌ಗಾರ್ಡಿನ ಒಳ ಅಂಚು, ಕಾರ್ಯಾಗಾರಗಳಲ್ಲಿ ರನ್ನಿಂಗ್ ಬೋರ್ಡ್ ಎಂದು ಕರೆಯುವ ಬಾಗಿಲ ಕೆಳಗಿನ ಟೊಳ್ಳು ತೊಲೆ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಕಾಲಡಿಯ ಮ್ಯಾಟ್ ಹಾಗೂ ಕಾರ್ಪೆಟ್ಟಿನ ಕೆಳಗಿನ ನೆಲ ಇವು ಉಳಿದ ದುರ್ಬಲ ಸ್ಥಳಗಳು.

ಕೆಸರು ಮೆತ್ತಿಕೊಂಡ ಜಾಗದಲ್ಲಿ ತುಕ್ಕು ಹೆಚ್ಚುವುದಕ್ಕೆ ಶಾಸ್ತ್ರೀಯ ಕಾರಣವಿದೆ. ಕೆಸರಿನ ಅಡಿಯಲ್ಲಿ ಆಮ್ಲಜನಕ ಕಡಿಮೆ, ಅದರ ಸುತ್ತಲಿನ ತಗಡಿಗೆ ಹೆಚ್ಚು. ಈ ವ್ಯತ್ಯಾಸದಿಂದಲೇ ಕೆಸರಿನ ಕೆಳಗಿನ ಲೋಹ ಕರಗುವ ಧ್ರುವವಾಗುತ್ತದೆ. ಕೆಸರನ್ನು ತೆಗೆಯದೆ ಮೇಲೆ ಮಾತ್ರ ಹೊಳಪು ಕೊಡುವುದರಿಂದ ಪ್ರಯೋಜನವಿಲ್ಲ.

ತಯಾರಕರು ಕಲಿತ ಪಾಠ

ತುಕ್ಕು ಒಂದು ವಾಣಿಜ್ಯ ಪ್ರಶ್ನೆಯೂ ಹೌದೆಂಬುದಕ್ಕೆ ಇಟಲಿಯ ಲಾನ್ಸಿಯಾ ಕಂಪನಿಯ ಇತಿಹಾಸ ಉದಾಹರಣೆ. 1972ರಲ್ಲಿ ಮಾರುಕಟ್ಟೆಗೆ ಬಂದ ಆ ಕಂಪನಿಯ ಬೀಟಾ ಕಾರಿನ ಆರಂಭದ ಮಾದರಿಗಳಲ್ಲಿ ಎಂಜಿನ್ ಹೊತ್ತ ಉಪಚೌಕಟ್ಟು ತುಕ್ಕು ಹಿಡಿಯುತ್ತಿತ್ತು. 1980ರಲ್ಲಿ ಬ್ರಿಟನ್ನಿನ ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿಯಾಗಿ, ಕಂಪನಿ ಗ್ರಾಹಕರಿಂದ ಕಾರುಗಳನ್ನು ಮರಳಿ ಕೊಳ್ಳಬೇಕಾಯಿತು. ಕಳೆದುಹೋದ ಹೆಸರನ್ನು ಅಲ್ಲಿ ಮತ್ತೆ ಗಳಿಸಲಾಗದೆ 1994ರಲ್ಲಿ ಬ್ರಿಟಿಷ್ ಮಾರುಕಟ್ಟೆಯಿಂದಲೇ ಅದು ನಿರ್ಗಮಿಸಿತು. ಇದಕ್ಕೆ ವ್ಯತಿರಿಕ್ತವಾಗಿ ಜರ್ಮನಿಯ ಆಡಿ ಕಂಪನಿ 1985ರಲ್ಲಿ ತನ್ನ ಆಡಿ 100 ಕಾರಿನ ಇಡೀ ಹೊರಕವಚಕ್ಕೆ ಸತು ಲೇಪಿತ ಉಕ್ಕನ್ನು ಬಳಸಿ ಬಾಳಿಕೆಗೆ ಹೆಸರಾಯಿತು.

ಸತುವಿನ ಲೇಪನ ಎರಡು ಬಗೆಯಲ್ಲಿ ಕಾಯುತ್ತದೆ. ಮೊದಲನೆಯದಾಗಿ ಅದು ನೀರನ್ನು ತಡೆಯುವ ಪದರ. ಎರಡನೆಯದಾಗಿ, ಗೀರು ಬಿದ್ದಾಗ ಕಬ್ಬಿಣದ ಬದಲು ತಾನೇ ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಇಂದಿನ ಕಾರ್ಖಾನೆಗಳಲ್ಲಿ ತಗಡಿಗೆ ಫಾಸ್ಫೇಟ್ ಸಂಸ್ಕಾರ ಮಾಡಿದ ಬಳಿಕ ಇಡೀ ಕವಚವನ್ನು ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ಮೂಲೆಮೂಲೆಗೂ ಲೇಪ ಹಿಡಿಯುವಂತೆ ಮಾಡಲಾಗುತ್ತದೆ. ಇದರಿಂದ ಹೊಸ ಕಾರುಗಳ ಬಾಳಿಕೆ ಹೆಚ್ಚಿದೆ ಎಂಬುದು ನಿಜ. ಆದರೆ ಅಪಘಾತದ ನಂತರ ಟಿಂಕರಿಂಗ್ ಕೆಲಸ ಆದ ಭಾಗದಲ್ಲಿ ಕಾರ್ಖಾನೆಯ ಈ ರಕ್ಷಣೆ ಉಳಿದಿರುವುದಿಲ್ಲವೆಂಬುದನ್ನು ಮಾಲೀಕರು ಮರೆಯಬಾರದು.

ಮಳೆಗಾಲಕ್ಕೆ ಮುನ್ನ

ತಡೆಯ ಕೆಲಸಕ್ಕೆ ಏಪ್ರಿಲ್ ಮತ್ತು ಮೇ ತಿಂಗಳು ಪ್ರಶಸ್ತ. ವಾಹನವನ್ನು ರ‍್ಯಾಂಪಿನ ಮೇಲೇರಿಸಿ ತಳವನ್ನೂ ಮಡ್‌ಗಾರ್ಡಿನ ಒಳಭಾಗವನ್ನೂ ಒತ್ತಡದ ಸಿಹಿನೀರಿನಿಂದ ತೊಳೆಸಬೇಕು. ಕಡಲಿಗೆ ಸಮೀಪದ ಕೆಲವು ಬಾವಿ, ಕೊಳವೆಬಾವಿಗಳ ನೀರಿನಲ್ಲಿ ಉಪ್ಪಿನಂಶವಿರುವುದರಿಂದ ಅಂತಹ ನೀರಿನಿಂದ ತೊಳೆಯುವುದು ಉಪ್ಪನ್ನು ಹಚ್ಚಿದಂತೆಯೇ ಸರಿ. ಬಾಗಿಲು ಮತ್ತು ರನ್ನಿಂಗ್ ಬೋರ್ಡಿನ ರಂಧ್ರಗಳನ್ನು ತೆಳುವಾದ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಬೇಕು. ಕಬ್ಬಿಣದ ತಂತಿ ಬಳಸಿದರೆ ಒಳಗಿನ ಬಣ್ಣಕ್ಕೆ ಗೀರು ಬೀಳುತ್ತದೆ.

ವಾಹನ ಪೂರ್ತಿ ಒಣಗಿದ ನಂತರ ತಳಭಾಗಕ್ಕೆ ಅಂಡರ್ ಕೋಟಿಂಗ್ ಮಾಡಿಸಬಹುದು. ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಈಗಾಗಲೇ ತುಕ್ಕು ಹಿಡಿದ ಜಾಗದ ಮೇಲೆ ದಪ್ಪನೆಯ ಡಾಂಬರು ಲೇಪ ಹಚ್ಚಿದರೆ ತೇವ ಅದರಡಿ ಸಿಕ್ಕಿಕೊಂಡು ತುಕ್ಕು ಮರೆಯಲ್ಲಿ ಬೆಳೆಯುತ್ತದೆ. ನೀರು ಹೋಗುವ ರಂಧ್ರಗಳನ್ನು ಲೇಪ ಮುಚ್ಚಿದರೆ ಹಾಕಿಸದಿರುವುದೇ ಲೇಸು. ಬಾಗಿಲು, ರನ್ನಿಂಗ್ ಬೋರ್ಡಿನಂತಹ ಟೊಳ್ಳು ಭಾಗಗಳಿಗೆ ಉದ್ದ ನಳಿಕೆಯಿಂದ ಸಿಂಪಡಿಸುವ ಮೇಣದ ಲೇಪನ ಹೆಚ್ಚು ಉಪಯುಕ್ತ. ಅದು ಗಟ್ಟಿಯಾಗಿ ಬಿರುಕು ಬಿಡದೆ ಸಂದುಗಳಿಗೆ ಇಳಿಯುತ್ತದೆ.

ಸುಟ್ಟ ಎಂಜಿನ್ ಆಯಿಲನ್ನು ತಳಕ್ಕೆ ಸಿಂಪಡಿಸುವ ಹಳೆಯ ರೂಢಿಯನ್ನು ಕೈಬಿಡುವುದು ಒಳಿತು. ಅದು ರಬ್ಬರ್ ಬುಷ್‌ಗಳನ್ನು ಕೆಡಿಸುತ್ತದೆ, ಬ್ರೇಕಿಗೆ ತಗುಲಿದರೆ ಅಪಾಯಕಾರಿ. ಅಲ್ಲದೆ 2016ರ ನಿಯಮಗಳನ್ವಯ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದ್ದು, ಅದನ್ನು ನೆಲಕ್ಕೆ, ಚರಂಡಿಗೆ ಹರಿಯಬಿಡುವಂತಿಲ್ಲ.

ಮಳೆಗಾಲದಲ್ಲಿ ವಾಹನಕ್ಕೆ ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆ ಹಾಕಿಡುವುದೂ, ಒದ್ದೆ ಕಾರನ್ನು ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ನಿಲ್ಲಿಸುವುದೂ ಸರಿಯಲ್ಲ. ಗಾಳಿಯಾಡುವ ತೆರೆದ ಚಪ್ಪರವೇ ಉತ್ತಮ. ವಾರಕ್ಕೊಮ್ಮೆ ಮ್ಯಾಟ್ ಎತ್ತಿ ನೆಲವನ್ನು ಮುಟ್ಟಿ ನೋಡಬೇಕು. ಕಡಲತೀರದ ಮರಳಿನ ಮೇಲೆ ಕಾರು ಓಡಿಸಿದವರು ಅದೇ ದಿನ ತಳ ತೊಳೆಸುವುದು ಕಡ್ಡಾಯವೆಂದೇ ತಿಳಿಯಬೇಕು.

ಚಿಕಿತ್ಸೆಯ ಕ್ರಮ

ತುಕ್ಕು ಮೇಲ್ಪದರದಲ್ಲಷ್ಟೇ ಇದ್ದರೆ ಚಿಕಿತ್ಸೆ ಸುಲಭ. ಸಂಶಯವಿರುವ ಜಾಗವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿದರೆ ಗಟ್ಟಿ ತಗಡಿಗೂ ಸವೆದ ತಗಡಿಗೂ ಶಬ್ದದ ವ್ಯತ್ಯಾಸ ತಿಳಿಯುತ್ತದೆ.

ಮೊದಲು ಜಾಗವನ್ನು ತೊಳೆದು ಎಣ್ಣೆ ಜಿಡ್ಡು ತೆಗೆಯಬೇಕು. ಬಳಿಕ ಎಮರಿ ಪೇಪರ್ ಅಥವಾ ತಂತಿ ಬ್ರಷ್‌ನಿಂದ ತುಕ್ಕಿನ ಅಂಚಿನಾಚೆ ಎರಡು ಮೂರು ಅಂಗುಲದವರೆಗೆ ಬಣ್ಣವನ್ನು ಕೆರೆದು ಹೊಳೆಯುವ ಲೋಹ ಕಾಣಿಸಿಕೊಳ್ಳಬೇಕು. 80ನೆಯ ನಂಬರಿನ ಪೇಪರಿನಿಂದ ಆರಂಭಿಸಿ 180, 320 ಎಂದು ನಯವಾದ ಪೇಪರಿಗೆ ಬರುವುದು ಕ್ರಮ. ಸಣ್ಣ ಕುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲವಿರುವ ತುಕ್ಕು ಪರಿವರ್ತಕವನ್ನು ಹಚ್ಚಿದರೆ ಅದು ತುಕ್ಕನ್ನು ಸ್ಥಿರವಾದ ಕಪ್ಪು ಪದರವನ್ನಾಗಿ ಮಾರ್ಪಡಿಸುತ್ತದೆ. ಡಬ್ಬಿಯ ಮೇಲಿನ ಸೂಚನೆಯಂತೆ ಉಳಿದ ಆಮ್ಲವನ್ನು ತೊಳೆದು ಪೂರ್ತಿ ಒಣಗಿಸದಿದ್ದರೆ ಮೇಲಿನ ಪ್ರೈಮರ್ ಹಿಡಿಯುವುದಿಲ್ಲ.

ಮುಂದಿನ ಹೆಜ್ಜೆ ಎಪಾಕ್ಸಿ ಪ್ರೈಮರ್. ಸಾಮಾನ್ಯ ಸರ್ಫೇಸರ್ ತೇವವನ್ನು ಹೀರುತ್ತದೆ, ಎಪಾಕ್ಸಿ ಹೀರುವುದಿಲ್ಲ. ಲೋಹ ಕೆರೆದ ದಿನವೇ ಪ್ರೈಮರ್ ಹಾಕಿ ಮುಗಿಸಬೇಕು. ಮಳೆಗಾಲದ ಗಾಳಿಯಲ್ಲಿ ಬರಿಯ ಉಕ್ಕಿಗೆ ಕೆಲವೇ ಗಂಟೆಗಳಲ್ಲಿ ಹೊಸ ತುಕ್ಕು ಬರುವ ಕಾರಣ ಈ ಕೆಲಸವನ್ನು ಒಣ ತಿಂಗಳುಗಳಲ್ಲೇ ಮುಗಿಸುವುದು ಜಾಣತನ. ಅಗತ್ಯವಿದ್ದಷ್ಟೇ ಪುಟ್ಟಿ, ಬಳಿಕ ಬಣ್ಣ ಮತ್ತು ಕ್ಲಿಯರ್ ಕೋಟ್ ಹಾಕಬೇಕು. ಬಣ್ಣ ಸಿಂಪಡಿಸುವವರು ಮುಖಕವಚ ಧರಿಸುವುದು ಅತ್ಯಗತ್ಯ.

ತಗಡು ತೂತಾಗಿದ್ದರೆ ಮಾತು ಬೇರೆ. ಸವೆದ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು, ಅದೇ ದಪ್ಪದ ಹೊಸ ತಗಡನ್ನು ಬೆಸೆಯುವುದೊಂದೇ ದಾರಿ. ಬೆಸುಗೆಯ ಶಾಖಕ್ಕೆ ತಗಡಿನ ಹಿಂಬದಿಯ ಬಣ್ಣ ಸುಟ್ಟುಹೋಗುವುದರಿಂದ ಒಳಭಾಗಕ್ಕೆ ಮೇಣದ ಲೇಪನ ಮಾಡಿಸದಿದ್ದರೆ ಹೊಸ ತಗಡೂ ಅಲ್ಲಿಂದಲೇ ಕೊಳೆಯತೊಡಗುತ್ತದೆ. ತೂತಿಗೆ ಜಾಲರಿ ಇಟ್ಟು ಪುಟ್ಟಿ ಮೆತ್ತಿ ಬಣ್ಣ ಹೊಡೆದ ಕೆಲಸ ನೋಡಲು ಚೆನ್ನಾಗಿದ್ದರೂ ಪುಟ್ಟಿ ಹಿಂಬದಿಯಿಂದ ನೀರು ಹೀರಿಕೊಂಡು ಮುಂದಿನ ಮಳೆಗಾಲದೊಳಗೆ ಮತ್ತೆ ಉಬ್ಬುವುದು ಸಾಮಾನ್ಯ. ಕೆಲಸ ಒಪ್ಪಿಸುವ ಮೊದಲು ಕತ್ತರಿಸಿ ಬೆಸೆಯುವುದೋ, ಪುಟ್ಟಿ ತುಂಬುವುದೋ ಎಂದು ಟಿಂಕರಿಂಗ್ ಕಾರ್ಯಾಗಾರದವರನ್ನು ಸ್ಪಷ್ಟವಾಗಿ ಕೇಳಿ, ಅಂದಾಜು ಪಟ್ಟಿಯಲ್ಲಿ ಬರೆಸಿಕೊಳ್ಳುವುದು ವ್ಯವಹಾರದ ರೀತಿ.

ಬ್ಯಾಟರಿಗೆ ಜೋಡಿಸುವ ಎಲೆಕ್ಟ್ರಾನಿಕ್ ಸಾಧನಗಳು ತುಕ್ಕನ್ನು ತಡೆಯುತ್ತವೆಂಬ ಪ್ರಚಾರವನ್ನು ನಂಬುವ ಮುನ್ನ ಯೋಚಿಸಬೇಕು. ಕಡಲಿಗಿಳಿಯುವ ಉಕ್ಕಿನ ದೋಣಿಯ ತಳಕ್ಕೆ ಸತುವಿನ ಗಟ್ಟಿ ಜೋಡಿಸಿದರೆ ಅದು ಫಲಕಾರಿ, ಏಕೆಂದರೆ ದೋಣಿಯೂ ಸತುವೂ ಒಂದೇ ನೀರಿನಲ್ಲಿ ಮುಳುಗಿರುತ್ತವೆ. ಗಾಳಿಯಲ್ಲಿ ನಿಂತ ಕಾರಿನ ಸುತ್ತ ಅಂತಹ ನೀರಿನ ಸಂಪರ್ಕವಿಲ್ಲ.

ಸುರಕ್ಷತೆ ಮತ್ತು ಕಾನೂನು

ತುಕ್ಕನ್ನು ಅಂದಚೆಂದದ ವಿಷಯವೆಂದು ಭಾವಿಸುವುದು ದೊಡ್ಡ ತಪ್ಪು. ಇಂದಿನ ಕಾರುಗಳಲ್ಲಿ ಪ್ರತ್ಯೇಕ ಷಾಸಿ ಇಲ್ಲದೆ ಕವಚವೇ ಭಾರ ಹೊರುವ ಚೌಕಟ್ಟಾಗಿರುವುದು ಸಾಮಾನ್ಯ. ರನ್ನಿಂಗ್ ಬೋರ್ಡ್, ಸಸ್ಪೆನ್ಷನ್ ಕೂಡುವ ಜಾಗ, ಸೀಟ್ ಬೆಲ್ಟ್ ಬಿಗಿದ ಸ್ಥಳ ಇವು ಕೊಳೆತಿದ್ದರೆ ಅಪಘಾತದಲ್ಲಿ ಒಳಗಿರುವವರನ್ನು ಕಾಯಬೇಕಾದ ಚೌಕಟ್ಟು ಮಡಚಿಕೊಳ್ಳುತ್ತದೆ. ಜ್ಯಾಕ್ ಕೊಟ್ಟಾಗ ತಗಡು ಕುಸಿದರೆ ಅದನ್ನು ಗಂಭೀರ ಎಚ್ಚರಿಕೆಯೆಂದು ಪರಿಗಣಿಸಿ ಕೂಡಲೇ ತಪಾಸಣೆ ಮಾಡಿಸಬೇಕು. ಸಿಬ್ಬಂದಿಯನ್ನೂ ಗ್ರಾಹಕರನ್ನೂ ಕರೆದೊಯ್ಯುವ ಸಂಸ್ಥೆಗಳಿಗೆ ಇದು ಹೊಣೆಗಾರಿಕೆಯ ಪ್ರಶ್ನೆ.

ಖಾಸಗಿ ಕಾರಿನ ನೋಂದಣಿ 15 ವರ್ಷಗಳಿಗೆ ಸಿಂಧುವಾಗಿದ್ದು, ನವೀಕರಣಕ್ಕೆ ವಾಹನ ತಪಾಸಣೆಗೆ ಒಳಪಡಬೇಕು. ಬಾಡಿಗೆ ಹಾಗೂ ಸರಕು ವಾಹನಗಳ ಅರ್ಹತಾ ಪತ್ರದ ತಪಾಸಣೆ ಇನ್ನೂ ಬೇಗ ಬೇಗ ಬರುತ್ತದೆ. ಸಾಮಾನ್ಯ ಸವೆತದಿಂದಾದ ನಷ್ಟ ಮೋಟಾರು ವಿಮೆಯ ವ್ಯಾಪ್ತಿಗೆ ಬಾರದ ಕಾರಣ ತುಕ್ಕಿನ ದುರಸ್ತಿಯ ವೆಚ್ಚ ಪೂರ್ತಿಯಾಗಿ ಮಾಲೀಕರದೇ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವಂತೆ ಆಗಬಾರದೆಂಬುದು ಹಿರಿಯರ ಮಾತು. ಮುಚ್ಚಿದ ರಂಧ್ರ ಬಿಡಿಸಲು ಬೇಕಾಗುವುದು ಒಂದು ಕಡ್ಡಿ ಮತ್ತು ಅರ್ಧ ಗಂಟೆಯ ಸಮಯ. ಕೊಳೆತ ರನ್ನಿಂಗ್ ಬೋರ್ಡ್ ಬದಲಿಸಲು ವಾಹನವನ್ನು ದಿನಗಟ್ಟಲೆ ದುಡಿಮೆಯಿಂದ ಹೊರಗಿಡಬೇಕು. ಹಲವು ವಾಹನಗಳುಳ್ಳ ಸಂಸ್ಥೆಗಳು ಪ್ರತಿ ವಾಹನಕ್ಕೂ ಒಂದು ಪುಟ ತೆರೆದು, ಮೇ ತಿಂಗಳಲ್ಲೊಮ್ಮೆ ಮತ್ತು ಮಳೆ ನಿಂತ ಬಳಿಕ ಅಕ್ಟೋಬರಿನಲ್ಲೊಮ್ಮೆ ತಳದ ಸ್ಥಿತಿಯನ್ನು ಬರೆದಿಡುವ ಪದ್ಧತಿ ಇಟ್ಟುಕೊಂಡರೆ, ಗುಳ್ಳೆ ತೂತಾಗುವ ಮೊದಲೇ ಅದು ಕಣ್ಣಿಗೆ ಬೀಳುತ್ತದೆ.