ಹೊರೆ ಹಿಂದೆ ಬಿದ್ದರೆ ಟ್ರೈಲರ್ ಏಕೆ ಓಲಾಡುತ್ತದೆ?

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಪಿಕಪ್‌ಗೆ ಮನೆಯಂಥ ಟ್ರೈಲರ್ ಕಟ್ಟಿಕೊಂಡು ಪ್ರವಾಸ ಹೋಗುತ್ತಾನೆ. ಭಾರ ಮುಂದಕ್ಕೇ ಇರಬೇಕಂತೆ. ನಮ್ಮ ಟ್ರ್ಯಾಕ್ಟರಿಗೂ ಹೀಗೆಯೇ?
– ಓದುಗರೊಬ್ಬರು, ಹೊಸದುರ್ಗ

ಉತ್ತರ: ಹೌದು. ಪ್ರವಾಸದ ಟ್ರೈಲರ್‌ನಲ್ಲಿ ಒಟ್ಟು ತೂಕದ ಶೇ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರುವಂತೆ ಸಾಮಾನು ಜೋಡಿಸುತ್ತಾರೆ. ಭಾರ ಅಚ್ಚಿನ ಹಿಂದಕ್ಕೆ ಸರಿದರೆ ವೇಗ ಏರಿದಂತೆ ಬಾಲ ಅತ್ತಿತ್ತ ಬೀಸುತ್ತದೆ. ಕೊನೆಗೆ ಎಳೆಯುವ ಗಾಡಿಯನ್ನೇ ತಿರುಗಿಸಿಬಿಡುತ್ತದೆ. ಎತ್ತಿನ ಗಾಡಿ ಹೇರಿದವರಿಗೆ ಇದು ಹೊಸದಲ್ಲ: ಹಿಂಭಾರವಾದರೆ ಮೂಕಿ ಮೇಲೇಳುತ್ತದೆ.

ಎರಡು ಚಕ್ರದ ಟ್ರೈಲರ್‌ಗೆ ತೆಂಗಿನಕಾಯಿ, ಈರುಳ್ಳಿ ತುಂಬುವಾಗ ಹೊರೆ ಹಿಂದಾದರೆ ಟ್ರ್ಯಾಕ್ಟರಿನ ಹಿಂಗಾಲಿಗಳ ಹಿಡಿತ ಸಡಿಲಾಗುತ್ತದೆ. ತೀರಾ ಮುಂದಾದರೆ ಏರಿನಲ್ಲಿ ಮುಂಗಾಲಿ ಎದ್ದು ಸ್ಟೀರಿಂಗ್ ಮಾತು ಕೇಳುವುದಿಲ್ಲ. ನಾಲ್ಕು ಚಕ್ರದ್ದಾದರೆ ಭಾರವನ್ನು ಅದರದೇ ಅಚ್ಚುಗಳು ಹೊರುತ್ತವೆ.

ನನಗೆ ಹೆಚ್ಚು ಭಯ ಇಳಿಜಾರಿನದು. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವವರಿದ್ದಾರೆ. ಆಗ ಟ್ರೈಲರ್ ಹಿಂದಿನಿಂದ ತಳ್ಳುತ್ತದೆ, ತಡೆಯಲು ಎಂಜಿನ್ ಇರುವುದಿಲ್ಲ. ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಹೊಲದಲ್ಲಿ ತಿರುಗಿಸಲು ಬಿಡಿಬಿಡಿಯಾಗಿದ್ದ ಎಡ–ಬಲ ಬ್ರೇಕ್ ಪೆಡಲ್‌ಗಳನ್ನು ರಸ್ತೆಗೆ ಬರುವ ಮುನ್ನ ಚಿಲಕ ಹಾಕಿ ಜೋಡಿಸಿ. ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಗಕ್ಕನೆ ಅಡ್ಡ ತಿರುಗುತ್ತದೆ, ಹಿಂದಿನ ಹೊರೆ ಅದರ ಮೇಲೆಯೇ ಬರುತ್ತದೆ.

ಹಿರಿಯೂರು, ಚಿತ್ರದುರ್ಗದ ಕಡೆ ರಾತ್ರಿ ಹೆದ್ದಾರಿ 48ಕ್ಕೆ ಇಳಿಯುವವರು ಟ್ರೈಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸದೆ ದಯವಿಟ್ಟು ಹೊರಡಬೇಡಿ.