ನೋಂದಣಿ ಮತ್ತು ಮಾನ್ಯತೆ: ಸಾಮೂಹಿಕ ಚೌಕಾಸಿಯ ಒಂದು ಮೂಲಪ್ರಶ್ನೆ

ಕಾರ್ಮಿಕ ಸಂಘದ ನೋಂದಣಿ ಬೇರೆ, ಮಾನ್ಯತೆ ಬೇರೆ. 1926ರ ಕೇಂದ್ರ ಕಾಯಿದೆಯು ಏಳು ಜನರಿಗೆ ಸಂಘ ನೋಂದಾಯಿಸುವ ಹಕ್ಕನ್ನಿತ್ತಿತು. ಆ ಸಂಘದೊಡನೆ ಮಾತುಕತೆ ನಡೆಸುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಲಿಲ್ಲ. ಈ ಕೊರತೆಯನ್ನು ನೀಗಲು 1947ರಲ್ಲಿ ಅಂಗೀಕೃತವಾದ ತಿದ್ದುಪಡಿಯು ಜಾರಿಗೆ ಬರಲೇ ಇಲ್ಲ.

ಅದೇ ವರ್ಷದ ಕೈಗಾರಿಕಾ ವಿವಾದಗಳ ಕಾಯಿದೆಯ 18ನೆಯ ಪ್ರಕರಣದಂತೆ, ಸಂಧಾನಾಧಿಕಾರಿಯ ಸಮ್ಮುಖದಲ್ಲಿ ಏರ್ಪಟ್ಟ ಒಪ್ಪಂದವು ಸಂಸ್ಥೆಯ ಎಲ್ಲ ಕಾರ್ಮಿಕರಿಗೂ ಅನ್ವಯಿಸುತ್ತಿತ್ತು. ಹೀಗಾಗಿ ಕೆಲವೇ ಸದಸ್ಯರುಳ್ಳ ಸಂಘದ ಸಹಿಯೂ ಬಹುಸಂಖ್ಯಾತರ ವೇತನವನ್ನು ನಿರ್ಧರಿಸಬಹುದಾಗಿತ್ತು.

2025ರ ನವೆಂಬರ್ 21ರಂದು ಜಾರಿಗೊಂಡ, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು, ಹಲವು ಸಂಘಗಳಿರುವಲ್ಲಿ ಶೇ. 51ರಷ್ಟು ಕಾರ್ಮಿಕರ ಬೆಂಬಲವುಳ್ಳ ಸಂಘವನ್ನು ಮಾತುಕತೆಯ ಏಕೈಕ ಹಕ್ಕುದಾರನೆಂದು ಗುರುತಿಸುತ್ತದೆ; ಅಂಥ ಸಂಘವಿಲ್ಲದಿದ್ದರೆ ಮಂಡಳಿಯನ್ನು ರಚಿಸಬೇಕು. ಮಾನ್ಯತೆಯು ಕಾನೂನಿನೊಳಗೆ ಬಂದಿದೆ. ಅದರ ಸಾರ್ಥಕತೆಯಾದರೋ ಸದಸ್ಯಬಲದ ನಿಷ್ಪಕ್ಷಪಾತ ಪರಿಶೀಲನೆಯನ್ನು ಅವಲಂಬಿಸಿದೆ.