ಇಂಜೆಕ್ಷನ್ನೋ, ಆಂಜಿಯೋಪ್ಲಾಸ್ಟಿಯೋ?

ಹಾರ್ಟ್ ಅಟ್ಯಾಕ್ ಆದಾಗ
ಇಂಜೆಕ್ಷನ್ ಸಾಕಾ,
ಆಂಜಿಯೋಪ್ಲಾಸ್ಟಿ ಬೇಕಾ?

ಗದ್ದೆಯ ಕಾಲುವೆ ಕಟ್ಟಿಕೊಂಡಿದೆ ಅಂದ್ಕೊಳ್ಳಿ.
ನೀರಿಲ್ಲದೆ ಪೈರು ಬಾಡ್ತಿದೆ.
ಹಾರ್ಟ್ ಅಟ್ಯಾಕ್‌ನಲ್ಲಿ ಹೃದಯದ ರಕ್ತನಾಳವೂ ಹೀಗೇ ಕಟ್ಟಿಕೊಳ್ಳುತ್ತೆ.

ಇಂಜೆಕ್ಷನ್,
ಕಟ್ಟಿಕೊಂಡಿದ್ದನ್ನ ಕರಗಿಸುತ್ತೆ.
ಆಂಜಿಯೋಪ್ಲಾಸ್ಟಿ,
ಒಳಗೇ ಹೋಗಿ, ಪುಟ್ಟ ಬಲೂನು ಉಬ್ಬಿಸಿ,
ದಾರಿ ಬಿಡಿಸುತ್ತೆ.

ಡೆನ್ಮಾರ್ಕ್‌ನಲ್ಲಿ 1,572 ರೋಗಿಗಳಲ್ಲಿ
ಇವೆರಡನ್ನೂ ಹೋಲಿಸಿದರು.
16 ವರ್ಷ ಗಮನಿಸಿದರು.

ಹೃದಯದ ಕಾಯಿಲೆಯಿಂದಲೇ ತೀರಿಕೊಂಡವರು,
ಇಂಜೆಕ್ಷನ್ ಪಡೆದ ನೂರರಲ್ಲಿ ಸುಮಾರು 23.
ಆಂಜಿಯೋಪ್ಲಾಸ್ಟಿ ಆದ ನೂರರಲ್ಲಿ ಸುಮಾರು 18.
ಅಷ್ಟು ವರ್ಷ ಕಳೆದರೂ ಲಾಭ ಉಳಿದಿತ್ತು!

ಆದರೆ, ಆಂಜಿಯೋಪ್ಲಾಸ್ಟಿ ಮಾಡೋ ದೊಡ್ಡಾಸ್ಪತ್ರೆ ತುಂಬಾ ದೂರವಾ?
ಹಾಗಾದರೆ ಡಾಕ್ಟರು ಮೊದಲು ಇಂಜೆಕ್ಷನ್ ಕೊಡ್ತಾರೆ.
ಆಮೇಲೆ ಅಲ್ಲಿಗೆ ಕಳಿಸ್ತಾರೆ.

ಬಾಡಿದ ಪೈರು ಚಿಗುರುತ್ತೆ.
ಒಣಗಿದ್ದು ಚಿಗುರಲ್ಲ.

ಎದೆ ಹಿಂಡಿದ ಹಾಗಾಗಿ,
ಮೈಯೆಲ್ಲಾ ತಣ್ಣನೆ ಬೆವೆತರೆ,
ಗ್ಯಾಸ್ ಅಂತ ಸುಮ್ಮನಿರಬೇಡಿ.
ತಕ್ಷಣ 108ಕ್ಕೆ ಕರೆ ಮಾಡಿ.